ಇಂಟರ್‌ಲಾಕೆನ್ ಸುತ್ತ ಕಾರಿನಲ್ಲಿ ಒಂದು ದಿನದ ಸುತ್ತಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಿಟ್ಜರ್ಲೆಂಡ್‌ನ ಟೂನ್ ಮತ್ತು ಬ್ರಿಯೆಂಟ್ಸ್ ಸರೋವರಗಳ ಸುತ್ತ ಕಾರಿನಲ್ಲಿ ತಿರುಗಬೇಕು ಎನ್ನುವವರಿಗಾಗಿ ಇದು. ಬೆಂಗಳೂರಿನಿಂದ ರಜೆಗೆ ಬರುವವರು, ಜ್ಯೂರಿಕ್, ಬಾಸೆಲ್, ಮ್ಯೂನಿಕ್ ಕಡೆ ಕೆಲಸದಲ್ಲಿದ್ದು ಊರಿನಿಂದ ಬಂದ ಅಪ್ಪ-ಅಮ್ಮನನ್ನು ಸುತ್ತಾಡಿಸುವವರು, ಇಬ್ಬರೂ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ನನ್ನ ಸಲಹೆಗಳ ಹಿಂದೆ ಒಂದೇ ಲೆಕ್ಕ ಇದೆ: ದಿನಕ್ಕೆ ಒಂದು ದಿಕ್ಕು, ಅಷ್ಟೇ. ಐದು ಜಾಗ ಮುಟ್ಟಿ ಬರುವ ಪಟ್ಟಿ ಬೇಕಿದ್ದರೆ ಈ ಪುಟ ನಿಮಗೆ ಅಷ್ಟು ಹಿಡಿಸಲಿಕ್ಕಿಲ್ಲ.

ಸ್ವಿಟ್ಜರ್ಲೆಂಡ್‌ಗೆ ಹೋಗಿ ಕಾರು ಯಾಕೆ? ರೈಲೇ ಚೆನ್ನಾಗಿದೆಯಲ್ವಾ?

ನಿಜ, ರೈಲು ತುಂಬಾ ಚೆನ್ನಾಗಿದೆ. ಇಂಟರ್‌ಲಾಕೆನ್‌ನಿಂದ ಲೌಟರ್‌ಬ್ರುನನ್, ಗ್ರಿಂಡೆಲ್‌ವಾಲ್ಡ್, ಲುಟ್ಸೆರ್ನ್ ಮಾತ್ರ ನೋಡುವುದಾದರೆ ಕಾರು ದುಡ್ಡಿನ ದಂಡ. ವೆಂಗನ್ ಮತ್ತು ಮ್ಯೂರನ್ ಎಂಬ ಎರಡು ಹಳ್ಳಿಗಳಿಗಂತೂ ಕಾರು ಹೋಗುವುದೇ ಇಲ್ಲ. ಕೆಳಗೆ ನಿಲ್ಲಿಸಿ ರೈಲಿನಲ್ಲೋ ಕೇಬಲ್ ಕಾರಿನಲ್ಲೋ ಹತ್ತಬೇಕು.

ಕಾರು ಉಪಯೋಗಕ್ಕೆ ಬರುವುದು ಮೂರು ಸಂದರ್ಭದಲ್ಲಿ. ಎತ್ತರದ ಘಾಟಿ ರಸ್ತೆಗಳನ್ನು, ಅಂದರೆ ಇಲ್ಲಿನವರು ಪಾಸ್ ಅನ್ನುವುದನ್ನು, ನೋಡಬೇಕು ಅಂದಾಗ. ಸರೋವರದ ಸಣ್ಣಪುಟ್ಟ ಹಳ್ಳಿಗಳಲ್ಲಿ ಬೇಕೆಂದಲ್ಲಿ ನಿಲ್ಲಿಸಬೇಕು ಅಂದಾಗ. ಇಲ್ಲವೇ ಮಂಡಿ ನೋವಿನ ಹಿರಿಯರೋ, ಮಧ್ಯಾಹ್ನ ನಿದ್ದೆ ಮಾಡುವ ಮಗುವೋ ಜೊತೆಗಿದ್ದಾಗ. ಹಾಗಾಗಿ ಇಡೀ ವಾರಕ್ಕೆ ಕಾರು ತೆಗೆದುಕೊಳ್ಳಬೇಡಿ. ಎರಡು ಮೂರು ದಿನಕ್ಕೆ ಸಾಕು, ಉಳಿದ ದಿನ ರೈಲು, ದೋಣಿ.

ಎಲ್ಲಿ ಉಳಿದುಕೊಳ್ಳುವುದು?

ಎಲ್ಲರೂ ಇಂಟರ್‌ಲಾಕೆನ್ ಅನ್ನುತ್ತಾರೆ. ಎರಡು ಸರೋವರಗಳ ಮಧ್ಯೆ ಇರುವ ಬಯಲಿನ ಊರು ಅದು. ತುಂಬಾ ಹಿಂದೆ ಇಲ್ಲಿ ಒಂದೇ ಉದ್ದದ ಸರೋವರವಿತ್ತು. ಬೆಟ್ಟದ ತೊರೆಗಳು ತಂದು ಹಾಕಿದ ಕಲ್ಲುಮಣ್ಣು ನಡುವೆ ತುಂಬಿಕೊಂಡು ಅದು ಎರಡಾಯಿತು. ಆ ತುಂಬಿದ ನೆಲದ ಮೇಲೆಯೇ ಊರು ನಿಂತಿದೆ. ಎಲ್ಲ ದಿಕ್ಕಿಗೂ ದಾರಿ ಇರುವುದರಿಂದ ಅನುಕೂಲ ಹೌದು, ಆದರೆ ಜನಸಂದಣಿಯೂ ಅಷ್ಟೇ. ಭಾರತದ ಊಟದ ಹೋಟೆಲುಗಳಿವೆ, ಯಶ್ ಚೋಪ್ರಾ ಅವರ ಪ್ರತಿಮೆಯೂ ಇದೆ.

ಕಾರು ಇದ್ದರೆ ಸ್ಪೀಟ್ಸ್, ಬ್ರಿಯೆಂಟ್ಸ್ ಅಥವಾ ವಿಲ್ಡರ್ಸ್‌ವಿಲ್ ನೋಡಿ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಸಿಕ್ಕರೆ ಬಿಡಬೇಡಿ. ಬುಕ್ ಮಾಡುವಾಗ ಪಾರ್ಕಿಂಗ್ ಇದೆಯಾ, ಅದಕ್ಕೆ ಬೇರೆ ದುಡ್ಡಾ ಅಂತ ಕೇಳಿಕೊಳ್ಳಿ. ಉಳಿದುಕೊಂಡ ಕಡೆ ಕೊಡುವ ಗೆಸ್ಟ್ ಕಾರ್ಡನ್ನು ಎಸೆಯಬೇಡಿ, ಅದರಲ್ಲಿ ಸ್ಥಳೀಯ ಬಸ್ಸು ಪುಕ್ಕಟೆ.

ಯಾವ ತಿಂಗಳು ಒಳ್ಳೆಯದು?

ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆವರೆಗೆ. ಬೆಂಗಳೂರಿನವರ ಲೆಕ್ಕ ಮಕ್ಕಳ ಬೇಸಿಗೆ ರಜೆ, ಅಂದರೆ ಏಪ್ರಿಲ್ ಮತ್ತು ಮೇ. ಆಗ ಬಯಲಿನಲ್ಲಿ ಹಸಿರು, ಹೂವು, ಜಲಪಾತಗಳಲ್ಲಿ ಹಿಮ ಕರಗಿದ ನೀರು, ಎಲ್ಲ ಚಂದ. ಆದರೆ ಎತ್ತರದ ಪಾಸ್‌ಗಳು ಹಿಮದಲ್ಲಿ ಮುಚ್ಚಿರುತ್ತವೆ. ಸುಸ್ಟನ್, ಫುರ್ಕಾ, ಗ್ರಿಮ್ಸೆಲ್ ಮೂರೂ ಸಾಮಾನ್ಯವಾಗಿ ಜೂನ್ ಹೊತ್ತಿಗೆ ತೆರೆದು ಅಕ್ಟೋಬರ್‌ವರೆಗೆ ಇರುತ್ತವೆ. ಬಿದ್ದ ಹಿಮದ ಮೇಲೆ ದಿನಾಂಕ ಆಚೀಚೆ ಆಗುತ್ತದೆ. ಮೇ ತಿಂಗಳಲ್ಲಿ ಬಂದು ಪಾಸ್ ನೋಡಲೇಬೇಕು ಎಂದು ಹಟ ಹಿಡಿದರೆ ಪ್ರಯೋಜನವಿಲ್ಲ. 1008 ಮೀಟರ್ ಎತ್ತರದ ಬ್ರೂನಿಗ್ ಮಾತ್ರ ವರ್ಷವಿಡೀ ತೆರೆದಿರುತ್ತದೆ.

ನನ್ನನ್ನು ಕೇಳಿದರೆ ಸೆಪ್ಟೆಂಬರ್. ಶಾಲೆಗಳು ಶುರುವಾಗಿರುತ್ತವೆ, ರಸ್ತೆ ಖಾಲಿ, ಆಕಾಶ ತಿಳಿ. ಜೂನ್‌ನಲ್ಲಿ ಇನ್ನೊಂದು ಲಾಭ, ರಾತ್ರಿ 9 ದಾಟಿದರೂ ಬೆಳಕಿರುತ್ತದೆ.

ಕರ್ನಾಟಕದ ಡ್ರೈವಿಂಗ್ ಲೈಸೆನ್ಸ್ ನಡೆಯುತ್ತದಾ?

ಪ್ರವಾಸಕ್ಕೆ ಬಂದವರಿಗೆ ನಡೆಯುತ್ತದೆ. ನಮ್ಮ ಕಾರ್ಡ್‌ನಲ್ಲಿ ಇಂಗ್ಲಿಷ್ ಇರುವುದರಿಂದ ಓದಲು ತೊಂದರೆ ಇಲ್ಲ. ಆದರೂ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡೇ ಬನ್ನಿ, ಬಾಡಿಗೆ ಕಂಪನಿಯವರು ಕೌಂಟರ್‌ನಲ್ಲಿ ಸಾಮಾನ್ಯವಾಗಿ ಅದನ್ನು ಕೇಳುತ್ತಾರೆ. ನಿಮ್ಮ ಆರ್‌ಟಿಒದಲ್ಲಿ, ಸಾರಥಿ ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು. ಪರ್ಮಿಟ್ ಜೊತೆ ಮೂಲ ಲೈಸೆನ್ಸ್ ಕೂಡ ಕೈಯಲ್ಲಿರಬೇಕು, ಒಂದಿದ್ದು ಇನ್ನೊಂದಿಲ್ಲದಿದ್ದರೆ ಆಗುವುದಿಲ್ಲ. ಸ್ವಿಟ್ಜರ್ಲೆಂಡ್‌ನಲ್ಲೇ ನೆಲೆಸಿದವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರು 12 ತಿಂಗಳೊಳಗೆ ಸ್ವಿಸ್ ಲೈಸೆನ್ಸ್‌ಗೆ ಬದಲಾಯಿಸಿಕೊಳ್ಳಬೇಕು.

ಬಾಡಿಗೆಗೆ ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಬೇಕು. ಗೇರ್ ಇಲ್ಲದ ಕಾರು ಬೇಕಿದ್ದರೆ ಬುಕ್ ಮಾಡುವಾಗಲೇ ಆಟೊಮ್ಯಾಟಿಕ್ ಅಂತ ಆರಿಸಿ. ಸ್ಟೀರಿಂಗ್ ಎಡಗಡೆ, ಓಡಿಸುವುದು ಬಲಗಡೆ, ಅದರ ಮೇಲೆ ಬಲಗೈಯಲ್ಲಿ ಗೇರ್ ಬೇರೆ ಹುಡುಕುವುದು ಮೊದಲ ದಿನ ಯಾಕೆ ಬೇಕು?

ವಿನ್ಯೆಟ್ ಅಂದರೇನು?

ಹೆದ್ದಾರಿ ಶುಲ್ಕ. ನಮ್ಮಲ್ಲಿರುವ ಹಾಗೆ ಟೋಲ್ ಗೇಟ್ ಇಲ್ಲ. 40 ಫ್ರಾಂಕ್ ಕೊಟ್ಟರೆ ಇಡೀ ವರ್ಷಕ್ಕೆ ಆಯಿತು. ಎರಡೇ ದಿನ ಇದ್ದರೂ ಅದೇ 40. ಗಾಜಿಗೆ ಅಂಟಿಸುವ ಸ್ಟಿಕ್ಕರ್ ಇದೆ, 2023ರಿಂದ ಗಾಡಿ ನಂಬರಿಗೆ ಜೋಡಿಸುವ ಆನ್‌ಲೈನ್ ವಿನ್ಯೆಟ್ ಕೂಡ ಇದೆ. ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ. ಸ್ವಿಟ್ಜರ್ಲೆಂಡ್‌ನಲ್ಲೇ ಬಾಡಿಗೆಗೆ ಪಡೆದ ಕಾರಿಗೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಜರ್ಮನಿಯಿಂದ ತರುವವರು ಗಡಿ ದಾಟುವ ಮೊದಲೇ ನೋಡಿಕೊಳ್ಳಿ.

ರಸ್ತೆ ನಿಯಮದಲ್ಲಿ ನಮ್ಮವರು ಎಡವುವುದು ಎಲ್ಲಿ?

ವೇಗದಲ್ಲಿ. ಊರೊಳಗೆ 50, ಕೆಲವು ಬೀದಿಗಳಲ್ಲಿ 30, ಊರ ಹೊರಗೆ 80, ಹೆದ್ದಾರಿಯಲ್ಲಿ 120. ಇಲ್ಲಿ ಪರವಾಗಿಲ್ಲ ಬಿಡು ಅನ್ನುವ ಮಾತಿಲ್ಲ. ಊರೊಳಗೆ ಮಿತಿಗಿಂತ 6ರಿಂದ 10 ಕಿಲೋಮೀಟರ್ ಜಾಸ್ತಿ ಹೋದರೂ 120 ಫ್ರಾಂಕ್ ದಂಡ. ಕ್ಯಾಮೆರಾ ಎಲ್ಲಿದೆ ಅಂತ ಹುಡುಕುವುದಕ್ಕಿಂತ ಬೋರ್ಡ್ ನೋಡಿ ಓಡಿಸುವುದು ಸುಲಭ.

ಎರಡನೆಯದು ಬಲಗಡೆಯಿಂದ ಬರುವವರಿಗೆ ದಾರಿ ಬಿಡುವುದು. ಬೋರ್ಡೂ ಇಲ್ಲದ, ಸಿಗ್ನಲ್ಲೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯ ಗಾಡಿ ಮೊದಲು ಹೋಗಬೇಕು, ಅದು ಎಷ್ಟೇ ಸಣ್ಣ ಓಣಿಯಿಂದ ಬಂದರೂ ಸರಿ. ಹಳ್ಳಿಗಳಲ್ಲಿ ಇದು ಜಾಸ್ತಿ. ವೃತ್ತದಲ್ಲಿ ಮಾತ್ರ ಒಳಗಿರುವವರು ಮೊದಲು. ಜೀಬ್ರಾ ಪಟ್ಟೆಯ ಹತ್ತಿರ ಯಾರಾದರೂ ದಾಟಲು ನಿಂತಿದ್ದರೆ ನಿಲ್ಲಿಸಲೇಬೇಕು.

ಇನ್ನುಳಿದವು ಸಣ್ಣವು. ಹಗಲಲ್ಲೂ ಹೆಡ್‌ಲೈಟ್ ಹಾಕಿರಬೇಕು. 12 ವರ್ಷದೊಳಗಿನ, 150 ಸೆಂಟಿಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಚೈಲ್ಡ್ ಸೀಟ್ ಬೇಕು. ಮಡಿಲಲ್ಲಿ ಕೂರಿಸಿಕೊಳ್ಳುತ್ತೇವೆ ಅನ್ನುವುದು ನಡೆಯುವುದಿಲ್ಲ.

ಮೊದಲ ದಿನ ಎಲ್ಲಿಗೆ ಹೋಗುವುದು?

ಬ್ರಿಯೆಂಟ್ಸ್ ಸರೋವರ. ಹತ್ತಿರ ಇದೆ, ರಸ್ತೆ ಸುಲಭ, ಬಲಗಡೆ ಓಡಿಸುವ ಅಭ್ಯಾಸವೂ ಆಗುತ್ತದೆ. ಆದರೆ ಒಂದು ವಿಷಯ. ಮ್ಯಾಪ್ ನಿಮ್ಮನ್ನು ದಕ್ಷಿಣ ದಡದ ಎ8 ರಸ್ತೆಗೆ ಕರೆದುಕೊಂಡು ಹೋಗುತ್ತದೆ, ಬೇಗ ಮುಟ್ಟುತ್ತದೆ ಅಂತ. ಅಲ್ಲಿ ಸುರಂಗಗಳೇ ಜಾಸ್ತಿ. ಹೋಗುವಾಗ ಉತ್ತರ ದಡದ ಹಳೇ ರಸ್ತೆ ಹಿಡಿಯಿರಿ: ಗೋಲ್ಡ್ಸ್‌ವಿಲ್, ರಿಂಗನ್‌ಬೆರ್ಗ್, ನೀಡರ್‌ರೀಡ್, ಓಬರ್‌ರೀಡ್, ಆಮೇಲೆ ಬ್ರಿಯೆಂಟ್ಸ್. ರಸ್ತೆ ಉದ್ದಕ್ಕೂ ಮರದ ಮನೆಗಳು, ಕಿಟಕಿ ತುಂಬ ಜೆರೇನಿಯಂ ಹೂವು, ಕೆಳಗೆ ನೀರು.

ಈ ನೀರಿನ ಬಣ್ಣ ನೋಡಿ ಎಲ್ಲರೂ ಕೇಳುತ್ತಾರೆ, ಇದು ನಿಜವಾ ಅಂತ. ಹಿಮನದಿಗಳು ಬಂಡೆಯನ್ನು ಉಜ್ಜಿ ಉಜ್ಜಿ ಹಿಟ್ಟಿನಷ್ಟು ನುಣ್ಣಗೆ ಮಾಡುತ್ತವೆ. ಆ ಪುಡಿಯನ್ನು ಆರೆ ಮತ್ತು ಲ್ಯೂಟ್ಶಿನೆ ನದಿಗಳು ತಂದು ಸರೋವರಕ್ಕೆ ಸುರಿಯುತ್ತವೆ. ಅದು ಬೇಗ ತಳ ಮುಟ್ಟದೆ ನೀರಲ್ಲೇ ತೇಲುತ್ತದೆ, ಬಿಸಿಲು ಬಿದ್ದಾಗ ಹಸಿರು ನೀಲಿ ಕಾಣುತ್ತದೆ. ಅದಕ್ಕೇ ಮೋಡ ಕವಿದ ದಿನ ಅದೇ ಸರೋವರ ಬೂದು ಬಣ್ಣಕ್ಕೆ ತಿರುಗುತ್ತದೆ. ಪುಡಿಯ ಬಹುಪಾಲು ಬ್ರಿಯೆಂಟ್ಸ್‌ನಲ್ಲೇ ಇಳಿದುಬಿಡುವುದರಿಂದ ಪಕ್ಕದ ಟೂನ್ ಸರೋವರ ಇನ್ನೂ ಗಾಢ ನೀಲಿ.

ಬ್ರಿಯೆಂಟ್ಸ್ ಊರು ಮರದ ಕೆತ್ತನೆಗೆ ಹೆಸರಾದದ್ದು. ದಡದಲ್ಲಿ ಕಾರು ನಿಲ್ಲಿಸಿ, ದೋಣಿ ಹತ್ತಿ ಗೀಸ್‌ಬಾಖ್ ಜಲಪಾತಕ್ಕೆ ಹೋಗಿ. ದೋಣಿ ಇಳಿದ ಕಡೆಯಿಂದ ಹೋಟೆಲಿನವರೆಗೆ 1879ರಲ್ಲಿ ಶುರುವಾದ ಪುಟ್ಟ ಕೆಂಪು ಹಗ್ಗದ ರೈಲು, ಅಂದರೆ ಹಗ್ಗ ಕಟ್ಟಿ ಇಳಿಜಾರಿನಲ್ಲಿ ಎಳೆಯುವ ಫ್ಯೂನಿಕ್ಯುಲರ್, ಈಗಲೂ ಓಡುತ್ತದೆ. ಜಲಪಾತ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಅದರ ಹಿಂದೆ ನಡೆದು ಹೋಗುವ ದಾರಿಯೂ ಇದೆ. ಇನ್ನೂ ಸಮಯ ಇದ್ದರೆ ಬಾಲನ್‌ಬೆರ್ಗ್ ಬಯಲು ವಸ್ತುಸಂಗ್ರಹಾಲಯ ಪಕ್ಕದಲ್ಲೇ ಇದೆ. ದೇಶದ ಬೇರೆ ಬೇರೆ ಕಡೆಯಿಂದ ಬಿಚ್ಚಿ ತಂದು ಮತ್ತೆ ಕಟ್ಟಿದ 100ಕ್ಕೂ ಹೆಚ್ಚು ಹಳೇ ಮನೆಗಳು ಅಲ್ಲಿವೆ. ಅದಕ್ಕೇ ಅರ್ಧ ದಿನ ಬೇಕು, ಅವಸರದಲ್ಲಿ ನೋಡುವ ಜಾಗ ಅಲ್ಲ. ಚಳಿಗಾಲದಲ್ಲಿ ಮುಚ್ಚಿರುತ್ತದೆ.

ಇಸೆಲ್ಟ್‌ವಾಲ್ಡ್‌ಗೆ ಹೋಗಬಹುದಾ?

ಕೊರಿಯನ್ ಧಾರಾವಾಹಿಯೊಂದರಲ್ಲಿ ಕಾಣಿಸಿದ, ನೀರಿನೊಳಕ್ಕೆ ಚಾಚಿದ ಆ ಮರದ ಕಟ್ಟೆ ತಾನೇ? ಹೋಗಬಹುದು. ಕಟ್ಟೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಲು ಈಗ ಗೇಟಿನಲ್ಲಿ 5 ಫ್ರಾಂಕ್. ಹಳ್ಳಿ ತುಂಬಾ ಸಣ್ಣದು, ಪಾರ್ಕಿಂಗ್ ಅದಕ್ಕಿಂತ ಸಣ್ಣದು. ಬೆಳಗ್ಗೆ ಬೇಗ ಹೋಗಿ, ಇಲ್ಲವೇ ದೋಣಿಯಲ್ಲಿ ಹೋಗಿ. ಕಟ್ಟೆಗೆ ದುಡ್ಡು ಕೊಡದಿದ್ದರೂ ಪಕ್ಕದ ದಡದಿಂದ ಕಾಣುವ ಸರೋವರ ಅದೇ.

ಟೂನ್ ಸರೋವರದಲ್ಲಿ ಏನಿದೆ?

ಇಲ್ಲೂ ಅದೇ ಸೂತ್ರ. ಹೆದ್ದಾರಿ ದಕ್ಷಿಣಕ್ಕೆ, ಚಂದದ ರಸ್ತೆ ಉತ್ತರಕ್ಕೆ. ಸೇಂಟ್ ಬೇಟಸ್ ಗುಹೆ, ಮೆರ್ಲಿಗನ್, ಗುಂಟನ್, ಓಬರ್‌ಹೋಫನ್ ಕೋಟೆ, ಕೊನೆಗೆ ಟೂನ್ ಹಳೇ ಪೇಟೆ. ವಾಪಸ್ ಬರುವಾಗ ಸ್ಪೀಟ್ಸ್‌ನಲ್ಲಿ ಇಳಿದು ದಡದಲ್ಲಿ ಕೂರಿ. ಎದುರಿಗೆ ಪಿರಮಿಡ್‌ನಂತೆ ನಿಂತಿರುವುದು ನೀಸನ್ ಶಿಖರ, 2362 ಮೀಟರ್. ಮ್ಯೂಲೆನನ್‌ನಿಂದ ಅದರ ತುದಿಗೆ ಹಗ್ಗದ ರೈಲಿದೆ. ಹಳಿಯ ಪಕ್ಕದಲ್ಲಿ 11,674 ಮೆಟ್ಟಿಲುಗಳೂ ಇವೆ. ಆದರೆ ಅವು ರೈಲಿನ ಕೆಲಸದವರಿಗೆ, ನಮಗಲ್ಲ. ಸದ್ಯ!

ಲೌಟರ್‌ಬ್ರುನನ್, ಗ್ರಿಂಡೆಲ್‌ವಾಲ್ಡ್ ಎರಡನ್ನೂ ಒಂದೇ ದಿನ ಮುಗಿಸಬಹುದಾ?

ಮುಗಿಸಬಹುದು. ಇಂಟರ್‌ಲಾಕೆನ್‌ನಿಂದ ಒಂದಕ್ಕೆ 20 ನಿಮಿಷ, ಇನ್ನೊಂದಕ್ಕೆ ಅರ್ಧ ಗಂಟೆ. ಮಾಡಬೇಡಿ ಅನ್ನುವುದು ನನ್ನ ಸಲಹೆ.

ಲೌಟರ್‌ಬ್ರುನನ್ ಎರಡು ಕಡೆ ನೆಟ್ಟಗೆ ನಿಂತ ಬಂಡೆಗೋಡೆಗಳ ನಡುವಿನ ಕಣಿವೆ. 72 ಜಲಪಾತಗಳ ಕಣಿವೆ ಅಂತ ಹೆಸರು. ಊರಿಂದಲೇ ಕಾಣುವ ಶ್ಟೌಬ್‌ಬಾಖ್ ಸುಮಾರು 297 ಮೀಟರ್ ಮೇಲಿಂದ ಬೀಳುತ್ತದೆ. ಬೇಸಿಗೆಯ ಗಾಳಿಗೆ ಅರ್ಧ ದಾರಿಯಲ್ಲೇ ತುಂತುರಾಗಿ ಹೋಗುತ್ತದೆ. ಮುಂದೆ ಟ್ರ್ಯೂಮೆಲ್‌ಬಾಖ್ ಇದೆ. ಇದು ಬೆಟ್ಟದ ಒಳಗೇ ಹರಿಯುವ ಜಲಪಾತ. ಐಗರ್, ಮ್ಯೋಂಖ್, ಯುಂಗ್‌ಫ್ರೌ ಶಿಖರಗಳ ಹಿಮನದಿ ನೀರೆಲ್ಲ ಬಂಡೆ ಕೊರೆದುಕೊಂಡು ಇಲ್ಲಿಂದ ಬೀಳುತ್ತದೆ. ಒಳಗೆ ಲಿಫ್ಟ್ ಇದೆ, ಆದರೂ ಒದ್ದೆ ಮೆಟ್ಟಿಲು ಹತ್ತಿ ಇಳಿಯಬೇಕು. 4 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಜುಲೈನಲ್ಲೂ ಸ್ವೆಟರ್ ಬೇಕಾಗುತ್ತದೆ. ಅಲ್ಲಿಂದ ಕಣಿವೆಯ ಕೊನೆಗೆ, ಶ್ಟೆಖೆಲ್‌ಬೆರ್ಗ್‌ನಲ್ಲಿ ಕಾರು ನಿಲ್ಲಿಸಿ ಕೇಬಲ್ ಕಾರಿನಲ್ಲಿ ಮ್ಯೂರನ್. ಅಲ್ಲಿಗೆ ದಿನ ಆಯಿತು.

ಗ್ರಿಂಡೆಲ್‌ವಾಲ್ಡ್ ಬೇರೆ ದಿನಕ್ಕಿರಲಿ. ಐಗರ್‌ನ ಉತ್ತರ ಗೋಡೆ ಊರಿನ ಮೇಲೆಯೇ ನಿಂತಿದೆ. ಟರ್ಮಿನಲ್ ಎಂಬ ಕಡೆ ದೊಡ್ಡ ಪಾರ್ಕಿಂಗ್ ಕಟ್ಟಡ ಇದೆ, ಕೇಬಲ್ ಕಾರುಗಳು ಅಲ್ಲಿಂದಲೇ ಹೊರಡುತ್ತವೆ.

ಯುಂಗ್‌ಫ್ರೌಯೋಖ್‌ಗೆ ಹೋಗಲೇಬೇಕಾ?

3454 ಮೀಟರ್, ಯುರೋಪಿನ ಅತಿ ಎತ್ತರದ ರೈಲು ನಿಲ್ದಾಣ. ಬೇಸಿಗೆಯಲ್ಲಿ ಪೂರ್ತಿ ದರದ ಟಿಕೆಟ್ ಒಬ್ಬರಿಗೆ 200 ಫ್ರಾಂಕ್ ದಾಟುತ್ತದೆ. ಆಕಾಶ ತಿಳಿಯಾಗಿದ್ದರೆ, ಜೀವನದಲ್ಲಿ ಹಿಮವೇ ನೋಡದವರು ಜೊತೆಗಿದ್ದರೆ, ಹೋಗಿ. ಮೋಡ ಇದ್ದರೆ ಮಾತ್ರ ಬೇಡವೇ ಬೇಡ. ಮೇಲೆ ಹೋಗಿ ಬಿಳಿ ಗೋಡೆ ನೋಡಿ ಬರುತ್ತೀರಿ. ಬೆಳಗ್ಗೆ ವೆಬ್‌ಕ್ಯಾಮ್ ನೋಡಿ ತೀರ್ಮಾನಿಸಿ. ಎರಡೂ ಸರೋವರ ಒಟ್ಟಿಗೆ ಕಾಣಬೇಕು ಅನ್ನುವುದಷ್ಟೇ ಆಸೆಯಾದರೆ ಇಂಟರ್‌ಲಾಕೆನ್‌ನಿಂದಲೇ ಹತ್ತುವ ಹಾರ್ಡರ್ ಕುಲ್ಮ್ ಸಾಕು, ದುಡ್ಡೂ ಎಷ್ಟೋ ಕಡಿಮೆ.

ಮೂರು ಪಾಸ್‌ಗಳ ಸುತ್ತು ಅಂದರೆ ಏನು? ಮಾಮೂಲಿ ಡ್ರೈವರ್‌ಗೆ ಆಗುತ್ತದಾ?

ಕಾರು ತೆಗೆದುಕೊಂಡದ್ದಕ್ಕೆ ಸಾರ್ಥಕ ಅನ್ನಿಸುವ ದಿನ ಇದು. ಇನರ್ಟ್‌ಕಿರ್ಖನ್‌ನಿಂದ ಹೊರಟು ಸುಸ್ಟನ್ (2224 ಮೀಟರ್) ಹತ್ತಿ ವಾಸನ್‌ಗೆ ಇಳಿದು, ಆಂಡರ್‌ಮಾಟ್ ದಾಟಿ ಫುರ್ಕಾ (2429 ಮೀಟರ್), ಗ್ಲೆಚ್‌ಗೆ ಇಳಿದು ಗ್ರಿಮ್ಸೆಲ್ (2164 ಮೀಟರ್), ಮತ್ತೆ ಇನರ್ಟ್‌ಕಿರ್ಖನ್. ಸುತ್ತು ಸುಮಾರು 120 ಕಿಲೋಮೀಟರ್. ಬರೀ ಓಡಿಸುವುದಕ್ಕೆ ಮೂರು ಗಂಟೆ ಬೇಕು. ನಿಲ್ಲಿಸುತ್ತಾ ಹೋದರೆ ಬೆಳಗ್ಗೆ ಎಂಟಕ್ಕೆ ಹೊರಟವರು ಸಂಜೆ ಐದಾರಕ್ಕೆ ಮುಟ್ಟುತ್ತೀರಿ.

ನಾನು ಹೇಳಿದ ಕ್ರಮದಲ್ಲೇ ಹೋಗಿ ಅನ್ನುವುದಕ್ಕೆ ಕಾರಣ ಇದೆ. ಸುಸ್ಟನ್ 1940ರ ದಶಕದಲ್ಲಿ ಕಾರುಗಳಿಗೆಂದೇ ಕಟ್ಟಿದ ರಸ್ತೆ. ಅಗಲ ಇದೆ, ತಿರುವುಗಳು ಸಲೀಸು. ಕೈ ಪಳಗಿಸಿಕೊಳ್ಳಲು ಸರಿ. ಹತ್ತುವಾಗ ಸ್ಟೈನ್ ಹಿಮನದಿ ಮತ್ತು ಅದರ ಬುಡದ ಸಣ್ಣ ಸರೋವರ ಸಿಗುತ್ತವೆ. ವಾಸನ್ ಆದ ಮೇಲೆ ಶ್ಯೊಲೆನನ್ ಕಮರಿ, ಅಲ್ಲೇ ದೆವ್ವದ ಸೇತುವೆ. ಆಂಡರ್‌ಮಾಟ್‌ನಲ್ಲಿ ಊಟ ಮುಗಿಸಿ.

ಫುರ್ಕಾ ಕಷ್ಟದ್ದು. ರೆಯಾಲ್ಪ್ ಕಡೆಯಿಂದ ಹತ್ತುವ ಭಾಗ ಕಿರಿದು, ಕೆಲವೆಡೆ ಅಂಚಿಗೆ ತಡೆಗೋಡೆ ಬದಲು ಸಾಲುಗಲ್ಲು ಮಾತ್ರ. ಚಾರ್ಮಾಡಿ, ಆಗುಂಬೆ ಹತ್ತಿ ಇಳಿದವರಿಗೆ ತಿರುವುಗಳು ಹೊಸತಲ್ಲ. ಎತ್ತರ ಮಾತ್ರ ಹೊಸತು. ತುದಿ ದಾಟಿ ಇಳಿಯುವಾಗ ಒಂಟಿಯಾಗಿ ನಿಂತ ಮುಚ್ಚಿದ ಬೆಲ್ವೆಡೇರ್ ಹೋಟೆಲ್ ಸಿಗುತ್ತದೆ. ಪಕ್ಕದಲ್ಲೇ ರೋನ್ ಹಿಮನದಿ. ಹಿಂದೆ ಇದು ಹೋಟೆಲಿನ ಹತ್ತಿರಕ್ಕೇ ಬರುತ್ತಿತ್ತು. ಈಗ ಹಿಂದಕ್ಕೆ ಸರಿದು ಮುಂದೆ ಸರೋವರ ಹುಟ್ಟಿಕೊಂಡಿದೆ. ಬೇಸಿಗೆಯಲ್ಲಿ ಮಂಜುಗಡ್ಡೆಯ ಮೇಲೆ ಬಿಳಿ ಬಟ್ಟೆ ಹೊದಿಸಿ ಕರಗುವುದನ್ನು ಒಂದಿಷ್ಟು ತಡೆಯುತ್ತಾರೆ. ನೋಡಿದರೆ ಖುಷಿಗಿಂತ ಬೇಸರವೇ ಜಾಸ್ತಿ. ಅಲ್ಲಿಂದ ಎದುರು ಬೆಟ್ಟದ ಮೇಲೆ ಗ್ರಿಮ್ಸೆಲ್‌ಗೆ ಹತ್ತುವ ತಿರುವುಗಳು ಒಂದರ ಮೇಲೊಂದು ಕಾಣುತ್ತವೆ. ಇನ್ನರ್ಧ ಗಂಟೆಯಲ್ಲಿ ನೀವು ಅಲ್ಲಿರುತ್ತೀರಿ.

ಗ್ರಿಮ್ಸೆಲ್ ತುದಿಯಲ್ಲಿ ನಿಂತಾಗ ಒಂದು ಪಾದದ ಕಡೆಯ ನೀರು ರೋನ್ ಸೇರಿ ಜಿನೀವಾ ದಾಟಿ ಮೆಡಿಟರೇನಿಯನ್‌ಗೆ ಹೋಗುತ್ತದೆ. ಇನ್ನೊಂದು ಪಾದದ ಕಡೆಯದು ಆರೆ ಸೇರಿ, ನೀವು ನಿನ್ನೆ ನೋಡಿದ ಎರಡೂ ಸರೋವರ ಹಾಯ್ದು, ರೈನ್ ಆಗಿ ಉತ್ತರ ಸಮುದ್ರಕ್ಕೆ. ನಮ್ಮ ಬಿಸಿಲೆ ಘಾಟಿಯ ದಿಣ್ಣೆಯಲ್ಲಿ ಒಂದು ಪಕ್ಕದ ಮಳೆ ಬಂಗಾಳ ಕೊಲ್ಲಿಗೆ, ಇನ್ನೊಂದು ಪಕ್ಕದ್ದು ಅರಬ್ಬಿ ಸಮುದ್ರಕ್ಕೆ ಹೋಗುವ ಹಾಗೆ. ಇಳಿಯುವಾಗ ಜಲವಿದ್ಯುತ್ ಅಣೆಕಟ್ಟುಗಳ ಸಾಲು. ಹಾಂಡೆಕ್‌ನಲ್ಲಿ ಗೆಲ್ಮರ್ ಹಗ್ಗದ ರೈಲು ಇದೆ, ಶೇಕಡ 106 ಇಳಿಜಾರು. ಅದು ಬೇಕಿದ್ದರೆ ಮುಂಚೆಯೇ ಬುಕ್ ಮಾಡಿ, ಮತ್ತು ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ವಾರಾಂತ್ಯ ಬೇಡ. ಬೈಕ್ ಸವಾರರ ದಂಡು, ಅವರ ನಡುವೆ ಬೆವರು ಸುರಿಸಿ ತುಳಿಯುವ ಸೈಕಲ್‌ನವರು. ವಾರದ ನಡುವಿನ ದಿನ ಆರಿಸಿ.

ಘಾಟಿ ರಸ್ತೆಯಲ್ಲಿ ಏನು ಗಮನಿಸಬೇಕು?

ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಇರಬೇಡಿ, ಕಾದು ಹೋಗುತ್ತದೆ. ಕೆಳಗಿನ ಗೇರ್ ಹಾಕಿ, ಆಟೊಮ್ಯಾಟಿಕ್‌ನಲ್ಲೂ ಅದಕ್ಕೆ ವ್ಯವಸ್ಥೆ ಇರುತ್ತದೆ. ಕಿರಿದಾದ ಕಡಿದಾದ ರಸ್ತೆಯಲ್ಲಿ ಎದುರುಬದುರಾದರೆ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಕೊಡಬೇಕು. ಹಳದಿ ಬಣ್ಣದ ಪೋಸ್ಟ್ ಬಸ್ಸಿಗೆ ಇದು ಅನ್ವಯಿಸುವುದಿಲ್ಲ. ನೀಲಿ ಬೋರ್ಡಿನಲ್ಲಿ ಹಳದಿ ಕೊಂಬಿನ ಚಿತ್ರ ಇರುವ ರಸ್ತೆಗಳಲ್ಲಿ ಬಸ್ ಡ್ರೈವರ್ ಹೇಳಿದ್ದೇ ಮಾತು. ಹಿಂದಕ್ಕೆ ತೆಗಿ ಅಂದರೆ ತೆಗೆಯಬೇಕು. ತಿರುವಿನ ಆಚೆಯಿಂದ ಮೂರು ಸ್ವರದ ಹಾರ್ನ್ ಕೇಳಿಸಿದರೆ ಅದೇ ಬಸ್ಸು, ಅಲ್ಲೇ ನಿಲ್ಲಿ.

ಹಿಂದೆ ಸ್ಥಳೀಯರ ಕಾರು ಅಂಟಿಕೊಂಡು ಬಂದರೆ ಗಾಬರಿ ಬೇಡ. ಪಕ್ಕದಲ್ಲಿ ಜಾಗ ಸಿಕ್ಕಾಗ ನಿಲ್ಲಿಸಿ ಬಿಟ್ಟುಬಿಡಿ. ತಿರುವಿನಲ್ಲಿ ಮಾತ್ರ ಫೋಟೊಗೆ ನಿಲ್ಲಿಸಬೇಡಿ. ಹಿಂದಿನ ಸೀಟಿನವರಿಗೆ ವಾಂತಿ ಬರುವ ಸ್ವಭಾವ ಇದ್ದರೆ ಹೊರಡುವ ಮೊದಲೇ ಮಾತ್ರೆ, ಹೊಟ್ಟೆ ತುಂಬ ತಿಂಡಿ ಬೇಡ, ಸಾಧ್ಯವಾದರೆ ಮುಂದೆ ಕೂರಿಸಿ.

ಓಶಿನನ್ ಸರೋವರ, ಬ್ಲೌಸೇ ಒಂದೇ ದಿಕ್ಕಾ?

ಹೌದು, ಎರಡೂ ಕಾಂಡರ್ ಕಣಿವೆಯಲ್ಲಿವೆ. ಬ್ಲೌಸೇ ರಸ್ತೆ ಪಕ್ಕದ ಕಾಡಿನೊಳಗಿನ ಪುಟ್ಟ ಕೊಳ. ಪ್ರವೇಶ ಶುಲ್ಕ ಇದೆ. ನೀರು ತಳ ಕಾಣುವಷ್ಟು ತಿಳಿ, ಮೀನುಗಳು ಕೈಗೆ ಸಿಗುವಂತೆ ತಿರುಗುತ್ತವೆ. ಅರ್ಧ ಮುಕ್ಕಾಲು ಗಂಟೆ ಸಾಕು.

ಓಶಿನನ್ ಬೇರೆಯೇ ಲೆಕ್ಕ. ಕಾಂಡರ್‌ಸ್ಟೆಗ್‌ನಲ್ಲಿ ಕಾರು ಬಿಟ್ಟು ಗೊಂಡೋಲ ಎಂಬ ಕೇಬಲ್ ಕಾರು ಹತ್ತಿ, ಅಲ್ಲಿಂದ ಸುಮಾರು 25 ನಿಮಿಷ ನಡೆದರೆ 1578 ಮೀಟರ್ ಎತ್ತರದಲ್ಲಿ ಸರೋವರ, ಸುತ್ತ ಹಿಮ ಹೊತ್ತ ಬಂಡೆಗೋಡೆ. ವಾಪಸ್ ಬರುವಾಗ ಏರು ಇದೆ, ಹಿರಿಯರಿಗೆ ಮೊದಲೇ ಹೇಳಿ. ಬೆಟ್ಟದ ಬಂಡೆ ಸಡಿಲವಾಗಿರುವ ಕಡೆ ಕೆಲವು ಕಾಲುದಾರಿಗಳನ್ನು ಮುಚ್ಚಿರುತ್ತಾರೆ. ಆ ಬೇಲಿ ದಾಟಬೇಡಿ, ಅದು ಸುಮ್ನೆ ಹಾಕಿದ್ದಲ್ಲ. ಜುಲೈ, ಆಗಸ್ಟ್‌ನಲ್ಲಿ ಹತ್ತು ಗಂಟೆಗೆ ಮೊದಲೇ ಕಾಂಡರ್‌ಸ್ಟೆಗ್ ಮುಟ್ಟಿ.

ಲುಟ್ಸೆರ್ನ್‌ಗೆ ಒಂದು ದಿನದಲ್ಲಿ ಹೋಗಿ ಬರಬಹುದಾ?

ಸುಮಾರು 70 ಕಿಲೋಮೀಟರ್, ಒಂದು ಗಂಟೆ ಚಿಲ್ಲರೆ. ಆರಾಮಾಗಿ ಆಗುತ್ತದೆ. ಬ್ರೂನಿಗ್ ಇಳಿಯುವಾಗ ಲುಂಗರ್ನ್ ಸರೋವರ ಮೇಲಿನಿಂದ ಕಾಣುವ ಜಾಗ ಇದೆ, ಅಲ್ಲಿ ನಿಲ್ಲಿಸಿ. ಲುಟ್ಸೆರ್ನ್ ಪೇಟೆಯೊಳಗೆ ಕಾರು ತಲೆನೋವು. ಪಾರ್ಕಿಂಗ್ ಕಟ್ಟಡದಲ್ಲಿ ಬಿಟ್ಟು ಮರದ ಹಳೇ ಸೇತುವೆ ಕಡೆ ನಡೆಯಿರಿ. ಪೇಟೆ ಬೇಡ ಅನ್ನುವವರು ಆಲ್ಪ್‌ನಾಖ್‌ಶ್ಟಾಡ್‌ನಲ್ಲೇ ನಿಲ್ಲಿಸಿ ಪಿಲಾಟುಸ್ ಬೆಟ್ಟವನ್ನು ರೈಲಿನಲ್ಲಿ ಹತ್ತಬಹುದು. 1889ರಿಂದ ಓಡುತ್ತಿರುವ, ಶೇಕಡ 48ರಷ್ಟು ಕಡಿದಾದ ಹಲ್ಲುಹಳಿಯ ರೈಲು ಅದು.

ಅಪ್ಪ-ಅಮ್ಮನಿಗೆ ಯಾವುದು ಸುಲಭ?

ದೋಣಿ. ಕೂತಲ್ಲೇ ಎಲ್ಲ ಕಾಣುತ್ತದೆ, ಶೌಚಾಲಯ ಇದೆ, ಕಾಫಿ ಸಿಗುತ್ತದೆ. ಬ್ರಿಯೆಂಟ್ಸ್‌ನಲ್ಲಿ 1914ರ ಲ್ಯೋಟ್ಶ್‌ಬೆರ್ಗ್, ಟೂನ್‌ನಲ್ಲಿ 1906ರ ಬ್ಲ್ಯೂಮ್ಲಿಸಾಲ್ಪ್ ಎಂಬ ಹಳೇ ಉಗಿ ಹಡಗುಗಳಿವೆ. ಎಂಜಿನ್ ಓಡುವುದನ್ನು ನಿಂತು ನೋಡಬಹುದು. ಅಪ್ಪಂದಿರು ಅಲ್ಲಿಂದ ಅಲ್ಲಾಡುವುದಿಲ್ಲ. ಗೀಸ್‌ಬಾಖ್, ಸ್ಪೀಟ್ಸ್, ಬ್ಲೌಸೇ ಕೂಡ ಪರವಾಗಿಲ್ಲ. ಬಿಪಿ, ಹೃದಯದ ತೊಂದರೆ ಇರುವವರು ಯುಂಗ್‌ಫ್ರೌಯೋಖ್ ಎತ್ತರಕ್ಕೆ ಹೋಗುವ ಮೊದಲು ಡಾಕ್ಟರನ್ನು ಕೇಳಲಿ. ಮತ್ತೆ ಪ್ರತಿ ಸಲವೂ ಇದೇ ಆಗುತ್ತದೆ: ಮಕ್ಕಳು ನಾಲ್ಕು ಜಾಗದ ಪ್ಲಾನ್ ಮಾಡುತ್ತಾರೆ, ಅಮ್ಮ ಮೊದಲನೇ ಬೆಂಚಿನಲ್ಲೇ ಕೂತು ಇಲ್ಲೇ ಚೆನ್ನಾಗಿದೆಯಲ್ಲೋ ಅನ್ನುತ್ತಾರೆ. ಅವರ ಮಾತು ಕೇಳಿ.

ಸಸ್ಯಾಹಾರಿಗಳ ಊಟದ ಕಥೆ ಏನು?

ಬುತ್ತಿ ಕಟ್ಟಿಕೊಳ್ಳಿ. ಚಿತ್ರಾನ್ನ, ಚಪಾತಿ ಪಲ್ಯ, ಮೊಸರನ್ನ ಯಾವುದಾದರೂ ಸರಿ. ಸರೋವರದ ದಡದಲ್ಲಿ ಮೇಜು ಬೆಂಚು ಎಲ್ಲ ಕಡೆ ಇವೆ, ಯಾರೂ ಏಳಿ ಅನ್ನುವುದಿಲ್ಲ. ಕೋಪ್, ಮಿಗ್ರೋಸ್ ಅಂಗಡಿಗಳಲ್ಲಿ ಮೊಸರು, ಬ್ರೆಡ್, ಹಣ್ಣು, ಅಕ್ಕಿ ಸಿಗುತ್ತವೆ. ಭಾನುವಾರ ಹೆಚ್ಚಿನವು ಮುಚ್ಚಿರುತ್ತವೆ, ಶನಿವಾರವೇ ತಂದಿಟ್ಟುಕೊಳ್ಳಿ. ಚಟ್ನಿಪುಡಿ, ಉಪ್ಪಿನಕಾಯಿ ಊರಿನಿಂದ ತನ್ನಿ. ತುಪ್ಪ, ಪೇಡ, ಮೈಸೂರುಪಾಕು ಬೇಡ. ಭಾರತದಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರಲು ಅನುಮತಿ ಇಲ್ಲ.

ಹೋಟೆಲಿನಲ್ಲಿ ಆಲೂಗಡ್ಡೆಯ ರ‍್ಯೋಸ್ಟಿ, ಮ್ಯಾಕರೋನಿ-ಆಲೂಗಡ್ಡೆ-ಚೀಸ್ ಬೆರೆಸಿದ ಎಲ್ಪ್ಲರ್‌ಮಾಗ್ರೋನನ್ ಸಿಗುತ್ತವೆ. ಎರಡರಲ್ಲೂ ಹಂದಿಮಾಂಸದ ತುಂಡು ಹಾಕುವ ರೂಢಿ ಇದೆ, ಶ್ಪೆಕ್ ಬೇಡ ಅಂತ ಹೇಳಿ. ಕಟ್ಟುನಿಟ್ಟಿನವರಿಗೆ ಇನ್ನೊಂದು ಮಾತು. ಗ್ರುಯೆರ್‌ನಂಥ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ನೀರಿನ ಬಾಟಲಿ ಕೊಳ್ಳಬೇಡಿ, ಬೀದಿಯ ಕಾರಂಜಿ ನೀರು ಕುಡಿಯಬಹುದು. ಕುಡಿಯಬಾರದ ಕಡೆ 'ಕೈನ್ ಟ್ರಿಂಕ್‌ವಾಸರ್' ಅಂತ ಬರೆದಿರುತ್ತದೆ.

ಪಾರ್ಕಿಂಗ್ ಬಣ್ಣಗಳ ಅರ್ಥ ಏನು?

ಬಿಳಿ ಗೆರೆ ಸಾರ್ವಜನಿಕ ಜಾಗ, ಹೆಚ್ಚಾಗಿ ದುಡ್ಡು ಕೊಡಬೇಕು, ಮೆಷಿನ್ ಅಥವಾ ಆ್ಯಪ್. ಹಳದಿ ಖಾಸಗಿ, ಹೋಗಬೇಡಿ. ನೀಲಿ ಪುಕ್ಕಟೆ, ಹಗಲಲ್ಲಿ ಸಾಮಾನ್ಯವಾಗಿ ಒಂದು ಗಂಟೆ ಮಾತ್ರ. ಗಾಜಿನ ಹಿಂದೆ ನೀಲಿ ರಟ್ಟಿನ ಗಡಿಯಾರ ಇಡಬೇಕು. ಬಂದ ಹೊತ್ತಿನ ಮುಂದಿನ ಅರ್ಧ ಗಂಟೆಗೆ ಮುಳ್ಳು ತಿರುಗಿಸಿ. 10:10ಕ್ಕೆ ಬಂದರೆ 10:30ಕ್ಕೆ ಇಡಿ, 11:30ರವರೆಗೆ ನಿಲ್ಲಿಸಬಹುದು. ರಟ್ಟು ಕಾರಿನ ಡ್ಯಾಶ್‌ಬೋರ್ಡ್‌ನಲ್ಲೇ ಇರುತ್ತದೆ, ಹುಡುಕಿ.

ಹವಾಮಾನ ಕೈ ಕೊಟ್ಟರೆ?

ಯೋಜನೆಗೆ ದಿನಾಂಕ ಅಂಟಿಸಬೇಡಿ. ಇರುವ ದಿನಗಳಲ್ಲಿ ಅತ್ಯಂತ ತಿಳಿಯಾದದ್ದನ್ನು ಪಾಸ್‌ಗೆ ಕೊಡಿ, ಮಳೆಯ ದಿನವನ್ನು ಟ್ರ್ಯೂಮೆಲ್‌ಬಾಖ್, ಬೇಟಸ್ ಗುಹೆ, ಲುಟ್ಸೆರ್ನ್‌ಗೆ. ಮೆಟಿಯೋಸ್ವಿಸ್ ಆ್ಯಪ್ ನೋಡಿ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ, ಎತ್ತರದ ಜಾಗಗಳನ್ನು ಬೆಳಗ್ಗೆಯೇ ಮುಗಿಸಿ.

ಫ್ಯೋನ್ ಅಂತ ದಕ್ಷಿಣದಿಂದ ಬೆಟ್ಟ ಇಳಿದು ಬರುವ ಬಿಸಿ ಒಣ ಗಾಳಿ ಇದೆ. ಅದು ಬೀಸಿದಾಗ ಶಿಖರಗಳು ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತವೆ, ಕೆಲವರಿಗೆ ತಲೆನೋವೂ ಬರುತ್ತದೆ. ಮೈರಿಂಗನ್ ಊರು 1879 ಮತ್ತು 1891ರಲ್ಲಿ ಎರಡು ಸಲ ಸುಟ್ಟು ಹೋದದ್ದು ಈ ಗಾಳಿ ಬೆಂಕಿಯನ್ನು ಹರಡಿದ್ದರಿಂದ. ಅಂಥ ದಿನ ಸರೋವರದಲ್ಲಿ ದೊಡ್ಡ ಅಲೆ ಏಳುತ್ತದೆ, ಸಣ್ಣ ದೋಣಿ ಬಾಡಿಗೆಗೆ ಪಡೆಯಬೇಡಿ.

ನೀರಿಗಿಳಿಯಬಹುದಾ?

ಈಜು ಬಂದರೆ, ಗುರುತು ಮಾಡಿದ ಜಾಗಗಳಲ್ಲಿ. ಬ್ರಿಯೆಂಟ್ಸ್ ಬೇಸಿಗೆಯಲ್ಲೂ ತಣ್ಣಗೆ, ದಡದಿಂದ ಸ್ವಲ್ಪ ದೂರಕ್ಕೇ ಆಳ. ಗರಿಷ್ಠ ಆಳ ಸುಮಾರು 260 ಮೀಟರ್. ಆರೆ ನದಿಯಲ್ಲಿ ಸ್ಥಳೀಯರು ತೇಲಿಕೊಂಡು ಹೋಗುವುದನ್ನು ನೋಡಿ ನೀವು ಹಾರಬೇಡಿ, ಸೆಳೆತ ಜೋರು.

ತೊಂದರೆಯಾದರೆ ಯಾರಿಗೆ ಫೋನ್ ಮಾಡುವುದು?

ಆಂಬ್ಯುಲೆನ್ಸ್ 144, ಪೊಲೀಸ್ 117, ಬೆಂಕಿ 118. ಬೆಟ್ಟದಲ್ಲಿ ಹೆಲಿಕಾಪ್ಟರ್ ನೆರವಿಗೆ ರೇಗಾ, 1414. ಯಾವುದೂ ನೆನಪಿಲ್ಲದಿದ್ದರೆ 112. ಗಾಡಿ ಕೆಟ್ಟರೆ 140, ಬಾಡಿಗೆ ಕಾರಾದರೆ ಮೊದಲು ಕಂಪನಿಯ ನಂಬರ್. ಪ್ರವಾಸದ ವಿಮೆಯಲ್ಲಿ ಬೆಟ್ಟದ ರಕ್ಷಣಾ ವೆಚ್ಚ ಸೇರಿದೆಯಾ ಅಂತ ಹೊರಡುವ ಮೊದಲೇ ಓದಿಕೊಳ್ಳಿ.

ಕಾರು ವಾಪಸ್ ಕೊಡುವ ದಿನ ಏನಾದರೂ ಸೇರಿಸಬಹುದಾ?

ಜ್ಯೂರಿಕ್ ವಿಮಾನ ನಿಲ್ದಾಣಕ್ಕೆ ಇಂಟರ್‌ಲಾಕೆನ್‌ನಿಂದ ಎರಡು ಗಂಟೆ ಅಂತ ಮ್ಯಾಪ್ ಹೇಳುತ್ತದೆ. ಭಾನುವಾರ ಸಂಜೆ ಅದನ್ನು ನಂಬಬೇಡಿ, ಬೆಟ್ಟದಿಂದ ವಾಪಸಾಗುವವರೆಲ್ಲ ಅದೇ ರಸ್ತೆಯಲ್ಲಿರುತ್ತಾರೆ. ವಿಮಾನ ಸಂಜೆಯದ್ದಾದರೆ ಬ್ರೂನಿಗ್ ದಾರಿಯಲ್ಲಿ ಹೋಗಿ ಸಾರ್ನನ್ ಸರೋವರದ ದಡದಲ್ಲಿ ಒಂದು ಗಂಟೆ ಕೂತು ಹೋಗಬಹುದು, ಅದಕ್ಕಿಂತ ಜಾಸ್ತಿ ಏನೂ ಬೇಡ. ಟ್ಯಾಂಕ್ ತುಂಬಿಸಿ ಕೊಡಬೇಕು. ತುಂಬಿಸುವ ಮುನ್ನ ಮುಚ್ಚಳದ ಒಳಗೆ ಪೆಟ್ರೋಲಾ ಡೀಸೆಲಾ ಅಂತ ಬರೆದಿರುವುದನ್ನು ನೋಡಿ, ಹೆಚ್ಚಿನ ಬಂಕ್‌ಗಳಲ್ಲಿ ನಾವೇ ಹಾಕಿಕೊಳ್ಳಬೇಕು. ಕಾರಿನ ನಾಲ್ಕೂ ಪಕ್ಕದ ಫೋಟೊ ತೆಗೆದಿಟ್ಟುಕೊಂಡು ಬೀಗದ ಕೈ ಕೊಡಿ.